ಕುಂಬಳೆಯ ಅಳಿವೆಯನ್ನು ತೆರೆದಿಡುವ ನೀರು

ಅನಂತಪುರದ ಸರೋವರ ದೇವಸ್ಥಾನಕ್ಕೆ ಬಂದವರು ಅಲ್ಲಿನ ಕೆರೆಯಲ್ಲಿದ್ದ ಮೊಸಳೆಯ ಕತೆ ಕೇಳಿಕೊಂಡು ಹಿಂದಿರುಗುತ್ತಾರೆ. ದೇವಸ್ಥಾನವಿರುವ ಮುರಕಲ್ಲಿನ ಪದವು ಇಳಿದು ಪಡುವಣಕ್ಕೆ ಹೋದರೆ ಕೆಲವೇ ಕಿಲೋಮೀಟರಿನಲ್ಲಿ ಕುಂಬಳೆ. ಐದು ಶತಮಾನಗಳ ಹಿಂದೆ ಅಲ್ಲಿಂದ ಮಾಲ್ದೀವ್ಸಿಗೆ ಅಕ್ಕಿ ಹೋಗುತ್ತಿತ್ತು, ಮಾಲ್ದೀವ್ಸಿನಿಂದ ತೆಂಗಿನ ನಾರು ಬರುತ್ತಿತ್ತು. 1516ರ ಸುಮಾರಿಗೆ ತನ್ನ ಬರಹ ಮುಗಿಸಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ಇದನ್ನು ದಾಖಲಿಸಿದ್ದಾನೆ. ಅಕ್ಕಿ ಕಪ್ಪಗೆ, ಬಹಳ ಕಳಪೆ ಎಂದೂ ಸೇರಿಸಿದ್ದಾನೆ. ಅಗ್ಗವಾಗಿತ್ತಲ್ಲ, ಗಿರಾಕಿಗಳಿಗೆ ಅಷ್ಟು ಸಾಕಿತ್ತು.

ಅಲೆ ತಡೆಯುವ ಕಲ್ಲಿನ ಗೋಡೆ (ಬ್ರೇಕ್‌ವಾಟರ್), ಹೂಳೆತ್ತುವ ಡ್ರೆಡ್ಜರ್ ಯಾವುದೂ ಇಲ್ಲದ ಕಾಲದಲ್ಲಿ ಈ ಬಂದರು ನಡೆದದ್ದು ಹೇಗೆ? ಕುಂಬಳೆ ಇರುವುದು ಹಿನ್ನೀರಿನೊಳಕ್ಕೆ ಚಾಚಿದ ನೆಲದ ಮೇಲೆ. ಕಡಲಿಗೂ ಹಿನ್ನೀರಿಗೂ ನಡುವೆ ಮರಳಿನ ದಿಣ್ಣೆ, ಅದರಲ್ಲೊಂದು ಇಕ್ಕಟ್ಟಾದ ಅಳಿವೆ. ಶಿರಿಯಾ ಹೊಳೆಯೂ ಕುಂಬಳೆ ಹೊಳೆಯೂ ಸೇರುವುದು ಇದೇ ಹಿನ್ನೀರಿಗೆ. ಅಲೆಗಳು ದಡದುದ್ದಕ್ಕೂ ಮರಳು ತಳ್ಳುತ್ತ ಅಳಿವೆಯ ಬಾಯಿ ಮುಚ್ಚಲು ನೋಡುತ್ತವೆ. ದಿನಕ್ಕೆರಡು ಸಲ ಒಳಹೊಕ್ಕು ಹೊರಬರುವ ಉಬ್ಬರದ ನೀರು ಆ ಮರಳನ್ನು ಕೊಚ್ಚಿಹಾಕುತ್ತದೆ. ಮಳೆಗಾಲದಲ್ಲಿ ಹೊಳೆಯ ನೆರೆಯೂ ಜೊತೆಗೂಡುತ್ತದೆ.

ಅಮೆರಿಕದ ಎಂಜಿನಿಯರ್ ಓಬ್ರಿಯನ್ 1931ರಲ್ಲಿ ಇದನ್ನು ಲೆಕ್ಕಕ್ಕೆ ತಂದರು: ಅಳಿವೆ ಎಷ್ಟು ದೊಡ್ಡದಾಗಿ ಉಳಿಯುತ್ತದೆ ಎಂಬುದು ಒಂದು ಉಬ್ಬರದಲ್ಲಿ ಒಳಬರುವ ನೀರಿನ ಪ್ರಮಾಣವನ್ನು ಅವಲಂಬಿಸಿದೆ. ಉದಾಹರಣೆಗೆ, 1 ಚದರ ಕಿಲೋಮೀಟರ್ ಹಿನ್ನೀರು 1 ಮೀಟರ್ ಏರಿದರೆ ಒಳಬರುವುದು 10 ಲಕ್ಷ ಘನ ಮೀಟರ್ ನೀರು. ಅದು ಸುಮಾರು 30 ಮೀಟರ್ ಅಗಲ, 2 ಮೀಟರ್ ಆಳದ ಬಾಯನ್ನು ತೆರೆದಿಡಬಲ್ಲದು. ಹಿನ್ನೀರಿನ ಅರ್ಧಕ್ಕೆ ಮಣ್ಣು ತುಂಬಿದರೆ ಬಾಯಿಯೂ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಿನ್ನೀರಿನಲ್ಲಿ ಕೆಸರು ತುಂಬಿದ್ದರೆ ಅಳಿವೆಯ ಬಾಯನ್ನು ಎಷ್ಟು ಕೆರೆದರೂ ಅದು ಮತ್ತೆ ಕಟ್ಟುತ್ತದೆ.

ಕುಂಬಳೆಯ ಹಳೆಯ ಬಂದರನ್ನು ಮರಳಿ ಪಡೆಯುವ ಮಾತು ಬಂದಾಗಲೆಲ್ಲ ನಮ್ಮವರ ಕಣ್ಣು ಹೋಗುವುದು ಕಲ್ಲಿನ ತಡೆಗೋಡೆಯ ಮೇಲೆ. ಅದರಿಂದ ದೋಣಿಗಳಿಗೆ ಅನುಕೂಲವಿದೆ, ನಿಜ. ಆದರೆ ಗೋಡೆ ಮರಳಿನ ನಡೆಯನ್ನು ತಡೆದಾಗ ಒಂದು ಪಕ್ಕ ದಡ ಬೆಳೆಯುತ್ತದೆ, ಇನ್ನೊಂದು ಪಕ್ಕ ಕರಗುತ್ತದೆ. ಮಂಗಳೂರಿನ ನೇತ್ರಾವತಿ–ಗುರುಪುರ ಅಳಿವೆಗೆ ಬ್ರೇಕ್‌ವಾಟರ್ ಕಟ್ಟಿದ ಮೇಲೆ ಉಳ್ಳಾಲದಲ್ಲಿ ಕಡಲ್ಕೊರೆತ ಜೋರಾಯಿತು. ಕೊನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವು ಪಡೆದು ಕಡಲೊಳಗೆ ಕೃತಕ ದಿಬ್ಬಗಳನ್ನು ಕಟ್ಟಬೇಕಾಯಿತು.

ಕುಂಬಳೆಯಲ್ಲಿ ಹಳೆಯ ಬಂದರನ್ನು ಮತ್ತೆ ಕಾಣಬೇಕೆನ್ನುವವರು ಕಲ್ಲಿನ ಗೋಡೆಯ ಅಂದಾಜುಪಟ್ಟಿ ತಯಾರಿಸುವ ಮೊದಲು ಹಿನ್ನೀರಿನ ವಿಸ್ತಾರ, ಆಳ ಅಳೆಸಲಿ. ಅಂಚಿನಲ್ಲಿ ಮಣ್ಣು ತುಂಬುವುದನ್ನು ನಿಲ್ಲಿಸಲಿ.