ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳ: ಕೋಳಿಗೂ ಬೇಡ, ಕೂಸಿಗೂ ಬೇಡ

ದಾವಣಗೆರೆ: ಚೀಲದ ತಳದಲ್ಲಿ ಉಳಿದ ಶೇಂಗಾಕ್ಕೆ ಬೂಷ್ಟು ಬಂದ್ರೆ ನಮ್ಮ ಕಡೆ ಎಸೆಯೋರು ಕಡಿಮೆ. "ಕೋಳಿಗೆ ಹಾಕಿದ್ರಾಯ್ತು ಬಿಡು" ಅನ್ನೋ ಮಾತು ಎಂ.ಸಿ.ಸಿ. ಬಡಾವಣೆಯ ಕಿರಾಣಿ ಅಂಗಡಿಯಲ್ಲೂ ಉಂಟು, ಹರಿಹರದ ಹಳ್ಳಿ ಮನೆಯಲ್ಲೂ ಉಂಟು. ಸ್ವಲ್ಪ ಚೆನ್ನಾಗಿ ಕಂಡ ಕಾಳನ್ನು ಹುರಿದು ಚಟ್ನಿಪುಡಿ ಮಾಡೋದೂ ಇದೆ.

ಮಕ್ಕಳಿಗೆ ವಿಷ ಅಂದ್ರೆ ಸೀಮೆಎಣ್ಣೆ, ಇಲಿ ಪಾಷಾಣ, ಹೊಲಕ್ಕೆ ಹೊಡೆಯೋ ಔಷಧಿ ನೆನಪಾಗುತ್ತವೆ. ಅಲ್ಲಿ ಡಬ್ಬಿ ಕಣ್ಣಿಗೆ ಕಾಣುತ್ತೆ, ಕೂಡಲೇ ಆಸ್ಪತ್ರೆಗೆ ಓಡಬಹುದು. ಬೂಷ್ಟಿನ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಹೆಸರು ಅಫ್ಲಾಟಾಕ್ಸಿನ್. ಅದು ನೇರ ಲಿವರ್‌ಗೆ ಹೊಡೆಯುತ್ತೆ.

ಇದನ್ನು ಮೊದಲು ತೋರಿಸಿಕೊಟ್ಟಿದ್ದು ಕೋಳಿ ಜಾತಿಯ ಹಕ್ಕಿಗಳೇ. 1960ರಲ್ಲಿ ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವ ರೋಗ ಅಂತ ಗೊತ್ತಾಗದೆ 'ಟರ್ಕಿ ಎಕ್ಸ್' ಅಂತ ಕರೆದರು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ, ಅದರೊಳಗೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು. ಕೋಳಿ ಆಹಾರದ ಸಂಶೋಧನೆ ಅಲ್ಲಿಂದ ದಿಕ್ಕು ಬದಲಿಸಿತು.

ಆದರೆ ಅದೇ ಶೇಂಗಾ ಹಿಂಡಿ ಆಗ ಮಕ್ಕಳಿಗೂ ಆಹಾರ. ಪ್ರೋಟೀನ್ ಕಡಿಮೆಯಾಗಿ ಮೈ ಊದಿಕೊಂಡ ಮಕ್ಕಳಿಗೆ ಶುದ್ಧ ಮಾಡಿದ ಶೇಂಗಾ ಹಿಟ್ಟು ಕೊಡೋದು ಅಗ್ಗದ, ಒಳ್ಳೆಯ ಉಪಾಯ ಆಗಿತ್ತು. ಹಾಗೆ ಕೊಟ್ಟ ಹಿಟ್ಟಿನಲ್ಲೇ ಅಫ್ಲಾಟಾಕ್ಸಿನ್ ಸೇರಿಕೊಂಡಿದ್ದನ್ನು ಮೈಸೂರಿನ ವೈದ್ಯರು ಮತ್ತು ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1971ರಲ್ಲಿ ವರದಿ ಮಾಡಿದರು. ಬದುಕಲಿ ಅಂತ ಕೊಟ್ಟ ಹಿಟ್ಟು ಮಕ್ಕಳ ಲಿವರ್ ಗಟ್ಟಿಯಾಗಿಸಿತ್ತು.

ಆ ಕಾಲದಲ್ಲಿ ಚಿಕ್ಕ ಮಕ್ಕಳ ಲಿವರ್ ಗಟ್ಟಿಯಾಗಿ ಹೊಟ್ಟೆ ಉಬ್ಬಿ ಸಾಯುವ ಇನ್ನೊಂದು ಕಾಯಿಲೆಯೂ ಇತ್ತು, 'ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್'. ಅದಕ್ಕೂ ಬೂಷ್ಟೇ ಕಾರಣ ಅಂತ ಅನುಮಾನ ಇತ್ತು. 1983ರಲ್ಲಿ ಪುಣೆ ಕಡೆಯ ಅಧ್ಯಯನ ಬೇರೆ ಕಡೆ ಬೆರಳು ತೋರಿಸಿತು: ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲು. ಎಳೆ ಕೂಸಿಗೆ ಆ ಹಾಲು ಹಾಕಿದರೆ ತಾಮ್ರ ಲಿವರ್‌ನಲ್ಲಿ ಕೂರುತ್ತೆ. ಮನೆಗಳಿಗೆ ಸ್ಟೀಲ್ ಪಾತ್ರೆ ಬಂದ ಮೇಲೆ ಆ ಕಾಯಿಲೆ ಈಗ ಅಪರೂಪ. ಹಿತ್ತಾಳೆ ಪಾತ್ರೆ ಆರೋಗ್ಯಕ್ಕೆ ಒಳ್ಳೇದು ಅಂತ ಈಗ ಮತ್ತೆ ಶೋಕೇಸ್‌ನಿಂದ ಇಳಿಸುವವರು ಇದನ್ನೊಂದು ನೆನಪಿಡಲಿ. ಕೂಸಿನ ಹಾಲು ಅದರಲ್ಲಿ ಬೇಡ.

ಬೂಷ್ಟಿನ ವಿಷ ಮಾತ್ರ ಎಲ್ಲೂ ಹೋಗಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ಕಾಮಾಲೆ ಬಂದು 106 ಜನ ಸತ್ತರು. ಅದೇ ಜೋಳ ತಿಂದ ನಾಯಿಗಳೂ ಸತ್ತಿದ್ದವು.

ಮೆಕ್ಕೆಜೋಳ ಅಂದ್ರೆ ದಾವಣಗೆರೆ ಜಿಲ್ಲೆಯವರಿಗೆ ಬೇರೆ ಹೇಳಬೇಕಿಲ್ಲ. ಕಟಾವಿನ ಹೊತ್ತಿಗೆ ರಸ್ತೆ ತುಂಬಾ ಜೋಳದ ರಾಶಿ, ಮೇಲೆ ಮೋಡ. ಕಾಳಿನ ತೇವಾಂಶ 14 ಪರ್ಸೆಂಟ್‌ಗಿಂತ ಮೇಲಿದ್ದು ಚೀಲ ಕಟ್ಟಿದ್ರೆ ಒಳಗೆ ಬಿಸಿಯಾಗಿ ಬೂಷ್ಟು ಶುರು. ಕೋಳಿ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಜೋಳವೇ. ಹಾಗಾಗಿ ದೊಡ್ಡ ಫಾರಂನವರು ಲೋಡ್ ಬಂದ ಕೂಡಲೇ ತೇವ ನೋಡ್ತಾರೆ, ಸ್ಯಾಂಪಲ್ ಪರೀಕ್ಷೆ ಮಾಡಿಸ್ತಾರೆ, ವಿಷ ಹೀರುವ ಬೆಂಟೋನೈಟ್ ಜೇಡಿ ಪುಡಿ ಬೆರೆಸ್ತಾರೆ. ಕೋಳಿ ಆಹಾರಕ್ಕೆ ಮಾನದಂಡದ ಮಿತಿ ಟನ್‌ಗೆ 20 ಮಿಲಿಗ್ರಾಂ, ಒಂದು ಚಿಟಿಕೆಯೂ ಇಲ್ಲ. ಮೀರಿದರೆ ಮರಿ ಬೆಳೆಯಲ್ಲ, ಮೊಟ್ಟೆ ಇಳಿಯುತ್ತೆ, ಹಾಕಿಸಿದ ಲಸಿಕೆ ಸರಿಯಾಗಿ ಹಿಡಿಯಲ್ಲ. ನಷ್ಟ ಲೆಕ್ಕಕ್ಕೆ ಬರುತ್ತೆ, ಅದಕ್ಕೇ ಪರೀಕ್ಷೆ. ಮನೆ ಡಬ್ಬಿಯ ಶೇಂಗಾಕ್ಕೆ ಈ ಯಾವ ಪರೀಕ್ಷೆಯೂ ಇಲ್ಲ.

ಹುರಿದರೆ, ಕುದಿಸಿದರೆ ಬೂಷ್ಟು ಸಾಯುತ್ತೆ, ವಿಷ ಪೂರ್ತಿ ಹೋಗಲ್ಲ. ತೊಳೆದು ಒಣಗಿಸಿದರೂ ಅಷ್ಟೇ. ಮುದುರಿದ, ಬಣ್ಣ ಕೆಟ್ಟ, ಕಹಿ ಕಾಳು ಆರಿಸಿ ಎಸೆದರೆ ವಿಷದ ದೊಡ್ಡ ಪಾಲು ಹೋಗುತ್ತೆ, ಯಾಕಂದ್ರೆ ಅದು ಎಲ್ಲ ಕಾಳಿನಲ್ಲಿ ಸಮನಾಗಿ ಇರಲ್ಲ. ಕಣ್ಣಿಗೇ ಬೂಷ್ಟು ಕಾಣೋ ಚೀಲವಾದ್ರೆ ಆರಿಸೋ ಗೋಜೇ ಬೇಡ, ಪೂರ್ತಿ ಎಸೆಯಬೇಕು. ಕೂಸಿಗೆ ಅಂತ ಮನೆಯಲ್ಲೇ ಮಾಡೋ ಪೌಷ್ಟಿಕ ಹಿಟ್ಟಿಗೆ ಹಳೇ ಶೇಂಗಾ, ಹಳೇ ಜೋಳ ಬೇಡವೇ ಬೇಡ.

ಮೊಟ್ಟೆ ತಿನ್ನೋಕೆ ಹೆದರಬೇಕಾ? ಇಲ್ಲ. ಕೋಳಿ ತಿಂದ ವಿಷದಲ್ಲಿ ಮೊಟ್ಟೆಗೆ ಇಳಿಯೋದು ತೀರಾ ಕಡಿಮೆ. ಹಾಲಿನ ವಿಷಯ ಬೇರೆ. ಬೂಷ್ಟು ಹಿಂಡಿ ತಿಂದ ಹಸುವಿನ ಹಾಲಿಗೆ ಒಂದೆರಡು ದಿನದಲ್ಲೇ ಅದರ ಇನ್ನೊಂದು ರೂಪ ಬರುತ್ತೆ, ಕಾಯಿಸಿದರೂ ಉಳಿಯುತ್ತೆ. ಆದ್ದರಿಂದ ಅಂಗಡಿಯಲ್ಲಿ ಕೆಟ್ಟ ಕಾಳನ್ನು "ದನಕ್ಕೆ, ಕೋಳಿಗೆ" ಅಂತ ಅರ್ಧ ರೇಟಿಗೆ ಕೊಟ್ಟರೆ ಅದು ಹಾಲಿನ ಲೋಟದಲ್ಲಿ ವಾಪಸ್ ಬರಬಹುದು. ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಮರದ ಹಲಗೆ ಮೇಲೆ ಇಡೋದು, ಹಳೇ ಸ್ಟಾಕ್ ಮೊದಲು ಖಾಲಿ ಮಾಡೋದು ಮಳೆಗಾಲದಲ್ಲಿ ಅಂಗಡಿಯವರ ಕೈಯಲ್ಲೇ ಇರೋ ಕೆಲಸ.