ಗೂಡು ಕಟ್ಟುವ ಕಾಳಿಂಗ, ಬಿಸ್ಕತ್ತು ಪೊಟ್ಟಣದ ಹೆಬ್ಬಾವು

2023ರ ಡಿಸೆಂಬರಿನಲ್ಲಿ ಬ್ಯಾಂಕಾಕ್‌ನಿಂದ ಮುಂಬಯಿ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನೊಬ್ಬನ ಬಿಸ್ಕತ್ತು, ಕೇಕ್ ಪೊಟ್ಟಣಗಳನ್ನು ಅಧಿಕಾರಿಗಳು ಬಿಚ್ಚಿದಾಗ ಸಿಕ್ಕಿದ್ದು 11 ಹಾವು. ಅವುಗಳಲ್ಲಿ 9 ಆಫ್ರಿಕ ಮೂಲದ ಬಾಲ್ ಪೈಥಾನ್. ಬೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಆ ಹೆಸರು. ಆದರೆ ಕೊಳ್ಳುವವರಿಗೆ ಸ್ವಭಾವ ಬೇಕಿಲ್ಲ, ಬಣ್ಣ ಬೇಕು. ಅಂಗಡಿಯಲ್ಲಿ ಸೀರೆ ಆರಿಸಿದಂತೆ ಬಿಳಿ, ಹಳದಿ, ಗೆರೆಯದ್ದು ಎಂದು ಆರಿಸುತ್ತಾರೆ. 'ಸ್ಪೈಡರ್' ಎಂಬ ತಳಿಗೆ ಚೆಂದದ ಗೆರೆಯ ಜತೆಗೇ ತಲೆ ನಡುಗುವ ನರದೋಷವೂ ಹುಟ್ಟಿನಿಂದ ಅಂಟಿ ಬರುತ್ತದೆ.

ಇತ್ತ ನಮ್ಮ ಮಲೆನಾಡಿನ ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಆರಂಭಿಸಿದರು. ಕಾಳಿಂಗ ಸರ್ಪದ ಮೈಯೊಳಗೆ ಪುಟ್ಟ ರೇಡಿಯೊ ಇಟ್ಟು, ಅದು ಹೋದಲ್ಲಿಗೆ ಹಿಂಬಾಲಿಸಿದರು. ಹೆಣ್ಣು ಕಾಳಿಂಗ ಕೈಯಿಲ್ಲದಿದ್ದರೂ ಮೈಯ ಸುರುಳಿಯಿಂದಲೇ ತರಗೆಲೆ ಎಳೆದು, ಒತ್ತಾಗಿ ಅದುಮಿ ಗೂಡು ಕಟ್ಟುತ್ತದೆ. ಮೊಟ್ಟೆಯಿಟ್ಟು ಕಾವಲು ಕೂರುತ್ತದೆ. ಹೆಣ್ಣಿಗಾಗಿ ಸೆಣಸುವ ಗಂಡುಗಳು ವಿಷದ ಹಲ್ಲು ಬಳಸುವುದಿಲ್ಲ. ಎದುರಾಳಿಯ ತಲೆಯನ್ನು ನೆಲಕ್ಕೊತ್ತಿದವನೇ ಗೆದ್ದ, ಥೇಟ್ ಗರಡಿಮನೆಯ ಕುಸ್ತಿ! ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟ ಹಾವಿನಲ್ಲಿ ಇದನ್ನೆಲ್ಲ ಕಾಣುವುದೆಲ್ಲಿ?

2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, 'ಓಫಿಯೋಫೇಗಸ್ ಕಾಳಿಂಗ' ಎಂದು ಕನ್ನಡದ ಹೆಸರನ್ನೇ ಇಟ್ಟರು. ಸಂಘದ ಸಭೆಗಳಲ್ಲಿ ಹೇಳಿಕೊಳ್ಳಬೇಕಾದ ಸುದ್ದಿಯಿದು.

ಅದು ಗೂಡು ಕಟ್ಟುವುದು ಏಪ್ರಿಲ್-ಮೇ ತಿಂಗಳಲ್ಲಿ. ಮುಂಬಯಿಯ ಮಕ್ಕಳು ರಜೆಗೆ ಊರಿಗೆ ಹೋಗುವುದೂ ಆಗಲೇ. ತೋಟದಂಚಿನಲ್ಲಿ ತರಗೆಲೆಯ ದೊಡ್ಡ ಗುಡ್ಡೆ ಕಂಡರೆ ಕೋಲಿನಿಂದ ಕೆದಕದೆ ದೂರ ಸರಿದು, ಅರಣ್ಯ ಇಲಾಖೆಯವರಿಗೆ ತಿಳಿಸುವಂತೆ ಹಿರಿಯರು ಈಗಲೇ ಹೇಳಿಟ್ಟರೆ ಒಳ್ಳೆಯದು.