ಡಿಂಗ ಮತ್ತೆ ಹಾರಿ ಬಂದಾನೇ?

ನಮ್ಮ ಕಡೆ ನಲ್ವತ್ತು ದಾಟಿದ ನಾಲ್ಕು ಮಂದಿ ಹೆಂಗಸರು ಒಂದು ಕಡೆ ಕೂತು ಬೆಳ್ಳುಳ್ಳಿ ಸುಲಿಯುತ್ತಿರುವಾಗ ಮೆಲ್ಲ "ಡಿಂಗ" ಎಂದು ಹೇಳಿ ನೋಡಿ. ಒಬ್ಬಳಾದರೂ ಕೈಯಲ್ಲಿದ್ದ ಚೂರಿ ಕೆಳಗಿಟ್ಟು, "ಅಯ್ಯೋ, ಬಾಲಮಂಗಳದ ಡಿಂಗನಾ ಮಾರಾಯ್ತಿ!" ಎನ್ನದೆ ಇರಲಾರಳು. ಮತ್ತೆ ಯಾವ ಅಂಗಡಿಯಲ್ಲಿ ಸಿಗುತ್ತಿತ್ತು, ಯಾರ ಮನೆಯಿಂದ ಕಡ ತಂದು ವಾಪಸು ಕೊಡಲಿಲ್ಲ, ಅಣ್ಣ ತಮ್ಮಂದಿರ ನಡುವೆ ಯಾರು ಮೊದಲು ಓದುವುದೆಂದು ಎಷ್ಟು ಹೊಡೆದಾಟ - ಎಲ್ಲ ಒಂದರ ಹಿಂದೆ ಒಂದು ಹೊರಗೆ ಬರುತ್ತದೆ. ಕೊನೆಗೆ ಯಾರಾದರೂ ಹೇಳಿಯೇ ಹೇಳುತ್ತಾರೆ: "ಈಗಿನ ಮಕ್ಕಳಿಗೂ ಅದು ಬೇಕಿತ್ತು. ಪುನಃ ಶುರು ಮಾಡಿದರೆ ಎಷ್ಟು ಒಳ್ಳೆಯದು!"

ಒಳ್ಳೆಯದು ಹೌದು. ಆದರೆ ಹಳೆಯ ಚಿತ್ರಕಥೆಯ ನಾಯಕರನ್ನು ತಂದು ಇಂದಿನ ಮಕ್ಕಳ ಮುಂದೆ ನಿಲ್ಲಿಸಿದರೆ ಅವರು ನಿಂತಾರೇ? ಮೊಬೈಲು ಹಿಡಿಯದೆ ಒಂದು ತುತ್ತು ನುಂಗದ ಮಗುವನ್ನು ಸಂಭಾಳಿಸುವ ತಾಯಂದಿರಿಗೆ ಇದು ಹರಟೆಯ ವಿಷಯವಲ್ಲ. ಮಗುವಿನ ತಲೆಯೊಳಗೆ ಯಾರು ಕೂತಿರಬೇಕು ಎಂಬ ಪ್ರಶ್ನೆ.

ಮೊದಲು ಡಿಂಗನ ಜಾತಕ ನೋಡೋಣ. ಅವನು ಹುಟ್ಟಾ ಕನ್ನಡಿಗನಲ್ಲ, ಮಲೆಯಾಳದ ಕೂಸು. 1983ರಲ್ಲಿ ಕೇರಳದ 'ಬಾಲಮಂಗಳಂ' ಪತ್ರಿಕೆಯಲ್ಲಿ ಡಿಂಕ ಎಂಬ ಹೆಸರಿನಿಂದ ಹುಟ್ಟಿದ. ಅನ್ಯಗ್ರಹದವರು ಹಿಡಿದುಕೊಂಡು ಹೋಗಿ ಏನೇನೋ ಪ್ರಯೋಗ ಮಾಡಿದ್ದರಿಂದ ಅಪಾರ ಶಕ್ತಿ ಪಡೆದ ಒಂದು ಇಲಿ! ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಕಾಡಿನ ಮೇಲೆ ಹಾರಿ ಬಂದು ಪಾಪದ ಪ್ರಾಣಿಗಳನ್ನು ಕಾಪಾಡುವವನು. ಕನ್ನಡದ 'ಬಾಲಮಂಗಳ'ದಲ್ಲಿ ಅವನೇ ಡಿಂಗನಾದ. ಘಟ್ಟದ ಮೇಲಿನವರಿಗಿಂತ ನಮ್ಮ ಕರಾವಳಿಯವರು ಅವನನ್ನು ಹೆಚ್ಚು ಹಚ್ಚಿಕೊಂಡರೆಂದು ನನ್ನ ಎಣಿಕೆ. ಬೆಳುವಾಯಿ, ಮೂಡುಬಿದಿರೆ, ಕಾರ್ಕಳದ ಹಳ್ಳಿಗಳಲ್ಲಿ ಮನೆಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಕಾಲ. ಬ್ರಾಂಚಿಗೆ ಬೀಡಿ ಕೊಟ್ಟು ಮಜೂರಿ ಸಿಕ್ಕಿದ ದಿನ ಅಮ್ಮಂದಿರ ಕೈ ಸ್ವಲ್ಪ ಸಡಿಲ. ಆ ದಿನ ನೋಡಿಕೊಂಡು ಬಾಲಮಂಗಳಕ್ಕೆ ಬೇಡುವ ಉಪಾಯ ಮಕ್ಕಳಿಗೆ ಗೊತ್ತಿತ್ತು.

ಮಲೆಯಾಳದ ಬಾಲಮಂಗಳಂ 2012ರಲ್ಲಿ ನಿಂತಿತು. ತಮಾಷೆಯೆಂದರೆ ಅಷ್ಟರೊಳಗೆ ಡಿಂಕನಿಗೆ ಇನ್ನೊಂದು ಜನ್ಮ ಬಂದಾಗಿತ್ತು. 2008ರಲ್ಲಿ ಕೇರಳದ ಕೆಲವು ವಿಚಾರವಾದಿ ಯುವಕರು ಡಿಂಕನೇ ದೇವರು ಎಂದು ಅಣಕದ ಒಂದು ಮತವನ್ನೇ ಹುಟ್ಟಿಸಿದರು. ಮೂಢನಂಬಿಕೆಯನ್ನು ಗೇಲಿ ಮಾಡಲು ಇಲಿಯ ಹೆಸರು! ಪೇಪರಿನಲ್ಲಿ ಸುದ್ದಿ, ಚರ್ಚೆ, ಮೆರವಣಿಗೆ ಎಲ್ಲ ಆಯಿತು. ಹೀಗೆ ಡಿಂಗ ಪುನಃ ಹೆಸರು ಮಾಡಿದ್ದು ನಿಜ. ಆದರೆ ಯಾರಲ್ಲಿ? ಹಿಂದೆ ಅವನನ್ನು ಓದಿ ಬೆಳೆದು ಗಡ್ಡ ಮೀಸೆ ಬಂದವರಲ್ಲಿ. ಒಂದನೇ ಕ್ಲಾಸಿನ ಮಗುವಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಹಳೆಯ ಪಾತ್ರಗಳನ್ನು ಎಬ್ಬಿಸುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಅವರು ಎಬ್ಬಿಸುವುದು ತಮಗಾಗಿ. ನಮ್ಮ ಬಾಲ್ಯ ನಮಗೆ ಚೆಂದ, ಮಕ್ಕಳಿಗೆ ಅದರ ಹಂಗಿಲ್ಲ. "ನಾವು ಓದಿದ್ದು, ನೀನೂ ಓದು" ಎಂದು ಮುಂದೆ ಹಿಡಿದರೆ ಕಷಾಯದ ಲೋಟ ಕಂಡ ಹಾಗೆ ಮುಖ ಮಾಡುತ್ತಾರೆ.

ಹಾಗಾದರೆ ಗೆದ್ದವರೇ ಇಲ್ಲವೇ? ಇದ್ದಾರಲ್ಲ, ನಿಮ್ಮ ಮನೆಯ ಟಿ.ವಿ.ಯಲ್ಲೇ! ಮೋಟು ಪತ್ಲು ಹೊಸಬರೆಂದು ತಿಳಿದಿದ್ದೀರೋ ಏನೋ. ಅವರು ಡಿಂಗನಿಗಿಂತಲೂ ಹಿರಿಯರು. 1969ರಲ್ಲಿ ಶುರುವಾದ ಹಿಂದಿಯ 'ಲೋಟ್‌ಪೋಟ್' ಎಂಬ ಮಕ್ಕಳ ಪತ್ರಿಕೆಯ ಜೋಡಿ ಅದು. ದಶಕಗಳ ಕಾಲ ಉತ್ತರ ಭಾರತದ ಮಕ್ಕಳನ್ನು ಪುಟದ ಮೇಲೆ ನಗಿಸಿ, 2012ರ ಅಕ್ಟೋಬರಿನಲ್ಲಿ ನಿಕೆಲೋಡಿಯನ್ ಚಾನೆಲಿಗೆ ಬಂದಿತು. ಪುಸ್ತಕ ಕಣ್ಣಿಂದ ಕಂಡಿರದ ನಮ್ಮ ಊರಿನ ಮಕ್ಕಳಿಗೂ ಅವರು ನೆಂಟರಾದರು. ಒಬ್ಬ ದಪ್ಪ, ಒಬ್ಬ ಸಪೂರ. ಒಬ್ಬ ಎಡವಟ್ಟು ಮಾಡುವವನು, ಇನ್ನೊಬ್ಬ ಉಪಾಯ ಹೇಳುವವನು - ಈ ಹಳೆಯ ಬುನಾದಿಯನ್ನು ಟಿ.ವಿ.ಯವರು ಮುಟ್ಟಲಿಲ್ಲ. ಉಳಿದ ಓಟ, ಬಣ್ಣ, ಯಂತ್ರ, ಗಲಾಟೆಯೆಲ್ಲ ಇಂದಿನದ್ದು. "ಇವರು ನಿಮ್ಮ ಅಪ್ಪನ ಕಾಲದವರು" ಎಂದು ಮಕ್ಕಳಿಗೆ ಎಲ್ಲಿಯೂ ಹೇಳಲಿಲ್ಲ ನೋಡಿ! ಅದೇ ಜಾಣತನ.

ಮೋಟುವಿಗೆ ಸಮೋಸ ತಿಂದರೆ ಶಕ್ತಿ ಬರುತ್ತದೆ. ಅಮೆರಿಕದಲ್ಲಿ 1929ರಲ್ಲಿ ಹುಟ್ಟಿದ ಪಾಪಾಯಿ ಎಂಬ ನಾವಿಕ ಪಾಲಕ್ ಸೊಪ್ಪು ತಿಂದು ತೋಳು ಉಬ್ಬಿಸುತ್ತಿದ್ದ. ತಾಯಂದಿರಿಗೆ ಅವನಿಂದ ಉಪಕಾರವಾಗಿತ್ತು. ನಮ್ಮವರು ಸೊಪ್ಪು ಬಿಟ್ಟು ಎಣ್ಣೆ ತಿಂಡಿ ಹಿಡಿದರು! 2008ರಿಂದ ಪೋಗೋದಲ್ಲಿ ಬರುತ್ತಿರುವ ಛೋಟಾ ಭೀಮನಿಗೆ ಲಾಡು. ನಮ್ಮ ಮನೆಯಲ್ಲೂ ಸಮೋಸದ ಹಟ ಎದ್ದಿತ್ತು. ಮೈದಾ ಹಿಟ್ಟಿಗೆ ಕಳಿತ ಬಾಳೆಹಣ್ಣು, ಚೂರು ಮೊಸರು, ಸಕ್ಕರೆ, ಜೀರಿಗೆ ಹಾಕಿ ಕಲಸಿಟ್ಟು, ಮರುದಿನ ಬನ್ಸ್ ಕರಿದು, "ಇದು ಡಿಂಗ ತಿನ್ನುವುದು" ಎಂದು ಕೊಟ್ಟೆ. ಅದೂ ಎಣ್ಣೆಯಲ್ಲಿ ಕರಿದದ್ದೇ ಅನ್ನಿ, ಆದರೆ ಒಳಗೆ ಹಣ್ಣಾದರೂ ಉಂಟು. ಇನ್ನೊಂದು ಮಾತು. ಭೀಮನ ಜೊತೆಗಿರುವ ಚುಟ್ಕಿ ಎಂಬ ಹುಡುಗಿಗೆ ಅವನಿಗೆ ಲಾಡು ತಂದುಕೊಡುವ ಕೆಲಸ ಯಾಕೋ? ಈ ಕಾಲದಲ್ಲಿ ಮಾಡಿದ ಕಥೆಯಲ್ಲೂ ಅಡುಗೆಮನೆಯ ಡಬ್ಬ ಹುಡುಗಿಯ ಕೈಯಲ್ಲೇ!

ಹಳೆಯ ಪಾತ್ರವನ್ನು ಬದಲಿಸದೆ ತರಲಿಕ್ಕೂ ಆಗುವುದಿಲ್ಲ. ಫ್ಯಾಂಟಮನನ್ನೇ ತೆಗೆದುಕೊಳ್ಳಿ. 1936ರಲ್ಲಿ ಲೀ ಫಾಕ್ ಬರೆದ ಈ ಮುಸುಕಿನ ವೀರನನ್ನು ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಶುರುಮಾಡಿದ 'ಇಂದ್ರಜಾಲ' ಪುಸ್ತಕಗಳು ಮನೆಮನೆಗೆ ತಲುಪಿಸಿದವು. ಕನ್ನಡದಲ್ಲೂ ಬಂದವು, 1990ರಲ್ಲಿ ನಿಂತವು. ನಮ್ಮ ಮನೆಯ ಗಂಡಸರಿಗೆ ಈಗಲೂ ಅವನ ತಲೆಬುರುಡೆ ಉಂಗುರ ಎಂದರೆ ರೋಮಾಂಚನ. ಆದರೆ ಕೂತು ಓದಿ ನೋಡಿ. ಕಾಡಿನ ಕಪ್ಪು ಜನ ಎಲ್ಲರೂ ಹೆದರಿ ಕೈ ಮುಗಿಯುವವರು, ಅವರಿಗೆ ನ್ಯಾಯ ಹೇಳಲು ತಲೆತಲಾಂತರದಿಂದ ಒಬ್ಬ ಬಿಳಿಯನೇ ಆಗಬೇಕು. ಇದನ್ನು ಇಂದು ಮಗುವಿನ ಕೈಗೆ ಕೊಡುವಾಗ ನನಗೆ ಮುಜುಗರವಾಗುತ್ತದೆ. ಅದನ್ನು ತೆಗೆದರೆ ಫ್ಯಾಂಟಮನೇ ಉಳಿಯುವುದಿಲ್ಲ. ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುವ ಡಯಾನಾಳನ್ನು ನಾಯಕಿ ಮಾಡಿ ಕಥೆ ಹೇಳಿದರೆ ಒಂದು ಕೈ ನೋಡಬಹುದೇನೋ!

ಶಿಕಾರಿ ಶಂಭುವಿನದ್ದು ಬೇರೆ ಕಥೆ. 1980ರಲ್ಲಿ ಶುರುವಾದ 'ಟಿಂಕಲ್' ಪತ್ರಿಕೆಗೆ 1983ರಲ್ಲಿ ಬಂದವನು. ಟೊಪ್ಪಿ ಕಣ್ಣು ಮುಚ್ಚುವಷ್ಟು ಕೆಳಗೆ, ಒಳಗೆ ಪುಕ್ಕಲ, ಹೊರಗೆ ದೊಡ್ಡ ಬೇಟೆಗಾರ. ನಮ್ಮ ದೇಶದಲ್ಲಿ 1972ರಲ್ಲೇ ವನ್ಯಜೀವಿ ಕಾಯ್ದೆ ಬಂದಿದೆ, ಹುಲಿ ಹಿಡಿಯುವವನನ್ನು ಮಕ್ಕಳಿಗೆ ವೀರನೆಂದು ತೋರಿಸುವುದು ಸಲ್ಲದು. ಕಾಲಕ್ರಮದಲ್ಲಿ ಟಿಂಕಲಿನವರು ಅವನನ್ನು ಕಾಡುಪ್ರಾಣಿಗಳ ರಕ್ಷಕನನ್ನಾಗಿ ಮಾಡಿದರು. ಏನೂ ನಷ್ಟವಾಗಲಿಲ್ಲ! ಶಂಭುವಿನ ಜೀವ ಬೇಟೆಯಲ್ಲಿ ಇರಲಿಲ್ಲ, ಅವನ ಪುಕ್ಕಲುತನದಲ್ಲಿತ್ತು. ಹೆದರಿ ಓಡುವಾಗ ಅಕಸ್ಮಾತ್ತಾಗಿ ಗೆಲ್ಲುವುದು ಅವನ ಗುಣ. ಅದು ಉಳಿದರೆ ಕೈಯಲ್ಲಿ ಏನಿದ್ದರೂ ನಡೆಯುತ್ತದೆ.

ಟಿಂಕಲ್ ಎಂದಾಗ ನಮ್ಮ ನೆರೆಯ ಊರಿನವರನ್ನು ನೆನೆಯದೆ ಮುಂದೆ ಹೋಗಲಾರೆ. ಅದನ್ನು ಹುಟ್ಟುಹಾಕಿದ ಅನಂತ ಪೈ 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಹುಟ್ಟಿದವರು, ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಮುಂದೆ ಮುಂಬಯಿ ಸೇರಿದವರು. ಇಂದ್ರಜಾಲದಲ್ಲೂ ಅವರ ಕೈ ಇತ್ತು. 1967ರಲ್ಲಿ ದಿಲ್ಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗೆ ಪಟ್ಟನೆ ಉತ್ತರ ಹೇಳಿ, ರಾಮನ ತಾಯಿ ಯಾರೆಂಬುದಕ್ಕೆ ಬಾಯಿ ಬಿಡದೆ ಕೂತದ್ದನ್ನು ಕಂಡು ಅವರಿಗೆ ನೋವಾಯಿತಂತೆ. ಕೃಷ್ಣನ ಕಥೆಯಿಂದ ಹಿಡಿದು ಅಮರ ಚಿತ್ರಕಥೆಯ ನೂರಾರು ಪುಸ್ತಕಗಳು ಅವರ ಸಂಪಾದಕತ್ವದಲ್ಲಿ ಬಂದವು. ಆದರೆ ಆ ಹೆಸರಿನ ಪುಸ್ತಕಗಳು ಅದಕ್ಕೂ ಮೊದಲು, 1965ರಲ್ಲಿ, ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲೇ ಹೊರಬಂದಿದ್ದವು ಎಂಬುದು ಎಷ್ಟು ಜನರಿಗೆ ಗೊತ್ತು? ಮೊದಲ ಹತ್ತು ಪುಸ್ತಕಗಳಲ್ಲಿ ಸಿಂಡರೆಲಾ ಮುಂತಾದ ಹೊರಗಿನ ಕಥೆಗಳು, ಹನ್ನೊಂದನೆಯದು ಕೃಷ್ಣ. ಪೈಯವರು 2011ರಲ್ಲಿ ತೀರಿಕೊಂಡರು. ಮೂಡುಬಿದಿರೆಯ ಚೌಟರ ವಂಶದ ರಾಣಿ ಅಬ್ಬಕ್ಕನ ಕಥೆಯೂ ಈ ಮಾಲೆಯಲ್ಲಿದೆ. ಶಾಲೆಗೆ ಹೋಗುವ ಹೆಣ್ಣುಮಕ್ಕಳಿರುವ ಮನೆಗೆ ನಾನು ಅದನ್ನೇ ಹೇಳುವುದು.

ಈಗ ಭಾಷೆಯ ವಿಷಯ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕನ್ನಡದಲ್ಲಿ ಡಬ್ಬಿಂಗ್ ಕೂಡದು ಎಂದು ಬಹುಕಾಲ ನಡೆಯಿತು. ಸಿನಿಮಾದವರ ಹೊಟ್ಟೆಪಾಡಿನ ಕಾರಣ ಇದ್ದಿರಬಹುದು. ಆದರೆ ಪೆಟ್ಟು ಬಿದ್ದದ್ದು ಮಕ್ಕಳಿಗೆ. ಒಳ್ಳೆಯ ಕಾರ್ಟೂನುಗಳೆಲ್ಲ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. 2009ರಲ್ಲಿ ಚಿಂಟು ಟಿ.ವಿ. ಬಂದ ಮೇಲೆ ಕನ್ನಡದಲ್ಲಿ ಕಾರ್ಟೂನು ಕೇಳಿತು. ಅಷ್ಟರೊಳಗೆ ಒಂದು ತಲೆಮಾರು ಜಗಳವಾಡುವುದನ್ನೂ ಹಿಂದಿಯಲ್ಲಿ ಕಲಿತಾಗಿತ್ತು.

ನನ್ನ ಅಣ್ಣನ ಮಗನಿಗೆ ಏಳು ವರ್ಷ, ಇಂಗ್ಲಿಷ್ ಮೀಡಿಯಂ. ಅಟ್ಟದಲ್ಲಿದ್ದ ಹಳೆಯ ಬಾಲಮಂಗಳ ಕೊಟ್ಟರೆ ಚಿತ್ರ ನೋಡಿದ, ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಆಕಳಿಕೆ ಬಂತು. ನಾನೇ ಓದಿದೆ. ಕನ್ನಡದಲ್ಲಿ ಓದುವಾಗ ಅರ್ಧ ಕಿವಿ ಕೊಟ್ಟ. ಅದನ್ನೇ ತುಳುವಿನಲ್ಲಿ, ನರಿಗೊಂದು ಸ್ವರ, ಡಿಂಗನಿಗೊಂದು ಸ್ವರ ಮಾಡಿ ಹೇಳಿದೆ ನೋಡಿ, ಮೈಮೇಲೆ ಬಂದು ಕೂತ! "ಅತ್ತೆ, ಇಲಿಯ ಅಂಗಿ ಹೊಲಿದವರು ಯಾರು?" ಎಂದು ಕೇಳಿದ. ಮೂರನೆಯ ದಿನ ತಾನೇ ಬಾಯಿಬಾಯಿ ಹೊಡೆದು ಅಕ್ಷರ ಕೂಡಿಸುತ್ತಿದ್ದ. ಅವನು ಡಿಂಗನನ್ನು ಬೇಡ ಎಂದದ್ದಲ್ಲ, ಡಿಂಗನವರೆಗೆ ಹೋಗುವ ದಾರಿ ಅವನಿಗೆ ಕಟ್ಟಿತ್ತು. ಹಳೆಯ ಪಾತ್ರ ಸೋತಿತು ಎನ್ನುವ ಮೊದಲು ಮಗುವಿಗೆ ಕನ್ನಡ ಓದಲು ಬರುತ್ತದೋ ಎಂದು ನೋಡಬೇಕು.

'ಚಂದಮಾಮ'ದ್ದೂ ಹೀಗೆಯೇ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂದ ಆ ಪತ್ರಿಕೆಯನ್ನು 2007ರಲ್ಲಿ ಒಂದು ಕಂಪೆನಿ ಕೊಂಡುಕೊಂಡು ಹೊಸಕಾಲಕ್ಕೆ ಒಗ್ಗಿಸಲು ನೋಡಿತು, ಕೆಲವೇ ವರ್ಷಗಳಲ್ಲಿ ಎಲ್ಲವೂ ನಿಂತುಹೋಯಿತು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದ ವಿಕ್ರಮನ ಚಿತ್ರ ಬರೆದ ಶಂಕರ್ 2020ರಲ್ಲಿ ತೀರಿಕೊಂಡರು. ಪತ್ರಿಕೆ ಹೋಯಿತು, ಬೇತಾಳ ಹೋಗಲಿಲ್ಲ. 1985ರಲ್ಲಿ ದೂರದರ್ಶನದಲ್ಲಿ ಬಂದ, ಈಗಲೂ ಬೇರೆ ಬೇರೆ ವೇಷದಲ್ಲಿ ಬರುತ್ತಾನೆ. ಕಥೆಯ ಕೊನೆಗೆ ಪ್ರಶ್ನೆ ಇಡುತ್ತಾನಲ್ಲ, ಅದು ಯಾವ ಕಾಲದ ಮಗುವನ್ನೂ ಕಟ್ಟಿಹಾಕುತ್ತದೆ. ರಾತ್ರಿ ಊಟಕ್ಕೆ ಕೂತಾಗ ಒಂದು ಬೇತಾಳನ ಕಥೆ ಹೇಳಿ ಪ್ರಶ್ನೆ ಕೇಳಿ ನಿಲ್ಲಿಸಿ. ಉತ್ತರ ಹುಡುಕುತ್ತ ಬಟ್ಟಲು ಖಾಲಿಯಾಗುತ್ತದೆ.

ಹೊಸ ಕಾಲಕ್ಕೆ ಹಳೆಯ ಪಾತ್ರ ತರುವುದು ಹೇಗೆಂದು ಕಲಿಯಲು ನಾವು ಬೊಂಬಾಯಿಗೆ ಹೋಗಬೇಕೇ? ಕಟೀಲು ಮೇಳದ ದೇವಿ ಮಹಾತ್ಮೆ ನೋಡಿ. ಎಷ್ಟು ಸಾವಿರ ಸಲ ಆಡಿದರೂ ದೊಂದಿಯ ಬೆಂಕಿಯ ನಡುವೆ ಮಹಿಷಾಸುರ ಜನರ ಮಧ್ಯದಿಂದ ಆರ್ಭಟಿಸಿ ಬರುವಾಗ ನಿದ್ದೆ ತೂಗುವ ಮಕ್ಕಳೂ ಎದ್ದು ಕೂರುತ್ತವೆ. ಕೊಂಬು ಅದೇ, ಬಣ್ಣ ಅದೇ. ಮಾತು ಮಾತ್ರ ಆ ರಾತ್ರಿಯದ್ದು, ಆ ಕಲಾವಿದನದ್ದು. 2025ರ ಜುಲೈಯಲ್ಲಿ ಹೊಂಬಾಳೆ ಫಿಲಂಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶಿಸಿದ 'ಮಹಾವತಾರ ನರಸಿಂಹ' ಎಂಬ ಕಾರ್ಟೂನು ಸಿನಿಮಾ ಕನ್ನಡದಲ್ಲೂ ಬಂದು ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಥಿಯೇಟರಿಗೆ ಹೋಗುವಂತೆ ಮಾಡಿತು. ಪ್ರಹ್ಲಾದನ ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆದರೂ ಕಂಬ ಒಡೆಯುವವರೆಗೆ ಉಸಿರು ಬಿಗಿಹಿಡಿದು ಕೂತರು.

ಡಿಂಗನಿಗೆ ದೇವರ ಬೆಂಬಲವಿಲ್ಲ, ಪುರಾಣವಿಲ್ಲ. ಪಾಪದ ಇಲಿ. ಆದರೂ ಚಿಕ್ಕವನೊಬ್ಬ ದೊಡ್ಡವರನ್ನು ಮಣಿಸುವುದು ಹಳತಾಗುವ ವಸ್ತುವಲ್ಲ. ಯಾರಾದರೂ ಅವನಿಗೆ ನಮ್ಮ ಕಡೆಯ ಮಾತು ಕೊಟ್ಟು, ಹತ್ತು ನಿಮಿಷದ ಸಣ್ಣ ಸಣ್ಣ ಕಥೆಗಳಾಗಿ ಟಿ.ವಿ.ಗೋ ಮೊಬೈಲಿಗೋ ತಂದರೆ ಬಂದೇ ಬರುತ್ತಾನೆ ಎಂದು ನನ್ನ ಅಭಿಪ್ರಾಯ. ನಮ್ಮಂಥವರು "ಅಂದಿನ ಡಿಂಗ ಹೀಗಿರಲಿಲ್ಲ" ಎಂದು ಬಾಯಿ ಹಾಕದಿದ್ದರೆ ಆಯಿತು.

ಅಲ್ಲಿಯವರೆಗೆ ಅಟ್ಟದಲ್ಲಿ ಹಳೆಯ ಪುಸ್ತಕಗಳಿದ್ದರೆ ಇಳಿಸಿ. ನಮ್ಮ ಮಳೆಗೆ ಕಾಗದ ಮುಗ್ಗಿ ಬೆಳ್ಳಿಹುಳ ಹಿಡಿಯುತ್ತದೆ. ಆಟಿ ಕಳೆದು ಸೋಣದಲ್ಲಿ ಬಿಸಿಲು ಬಿದ್ದಾಗ ನೇರ ಬಿಸಿಲಿಗಲ್ಲದೆ ಜಗಲಿಯ ಗಾಳಿಗೆ ಬಿಚ್ಚಿಟ್ಟು, ಒಣಗಿದ ಕಹಿಬೇವಿನ ಎಲೆ ನಡುನಡುವೆ ಹಾಕಿ. ಮತ್ತೆ ಪುನಃ ಪೆಟ್ಟಿಗೆಗೆ ಹಾಕಿ ಬೀಗ ಹಾಕಬೇಡಿ, ಮಕ್ಕಳ ಕೈಗೆ ಎಟಕುವಲ್ಲಿ ಇಡಿ. ಹರಿದರೆ ಮೈದಾ ಅಂಟು ಉಂಟಲ್ಲ. ಮನೆಯಲ್ಲಿ ಇಲ್ಲದವರು ಪಂಚಾಯತು ಗ್ರಂಥಾಲಯದಲ್ಲಿ ಒಮ್ಮೆ ಕೇಳಿ ನೋಡಿ, ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ.